ಒರಗಿದ ದೀವಿಹಲಸಿಗೆ ಎಷ್ಟು ದೊಡ್ಡ ಗರಗಸ?

ಆ ವರ್ಷದ ಚಂಡಮಾರುತ ಎಂಥದ್ದೆಂದರೆ, ನಮ್ಮ ಮೋರ್ನ್ ಬನಾನ್ ಊರಿನ ಹುಂಜ ಕೂಗಿದ್ದು ಪಕ್ಕದ ದ್ವೀಪದವರಿಗೆ ಕೇಳಿಸಿತು, ನಮಗೆ ಕೇಳಿಸಲಿಲ್ಲ. ಇಗರ್ಜಿಯ ತಗಡಿನ ಚಾವಣಿ ಎದ್ದು ಸೀದಾ ಸಮುದ್ರಕ್ಕೆ ಹೋಗಿ ಕೂತಿತು. ಈಗಲೂ ಭಾನುವಾರ ಬೆಳಗ್ಗೆ ಮೀನುಗಳು ಅದರಡಿ ಸೇರುತ್ತವೆ ಎಂದು ಬಲೆ ಹಾಕುವವರು ಆಣೆ ಇಟ್ಟು ಹೇಳುತ್ತಾರೆ. ನಮ್ಮ ಡೊಮಿನಿಕಾ ದ್ವೀಪದಲ್ಲಿ ಗಾಳಿ ಕಾಣದವರು ಯಾರೂ ಇಲ್ಲ. ಆದರೆ ಇದರ ಮುಂದೆ ಹಳೆಯ ಗಾಳಿಗಳೆಲ್ಲ ಬೀಸಣಿಗೆ.

ಹಿಲೇರಿಯನ್‌ನ ಹಿತ್ತಲಿನಲ್ಲಿ ಅದು ಬಿಟ್ಟುಹೋದದ್ದು ಒರಗಿದ ಒಂದು ದೀವಿಹಲಸಿನ ಮರ. ಪೂರ್ತಿ ಬಿದ್ದಿರಲಿಲ್ಲ, ನಿಂತೂ ಇರಲಿಲ್ಲ. ಒಂದು ಮಗ್ಗುಲಿನ ಬೇರು ಮಣ್ಣು ಸಮೇತ ಕಿತ್ತು ಗೋಡೆಯ ಹಾಗೆ ಮೇಲೆದ್ದಿತ್ತು, ಇನ್ನೊಂದು ಮಗ್ಗುಲಿನ ಬೇರು ನೆಲವನ್ನು ಬಿಟ್ಟಿರಲಿಲ್ಲ. ಕೊಂಬೆಗಳು ದಾರಿಗೆ ಅಡ್ಡ ಬಿದ್ದಿದ್ದವು. ಎದ್ದ ಬೇರಿನ ಅಡಿಯ ಗುಂಡಿಯಲ್ಲಿ ತಂಪು ನೆರಳಿದೆಯೆಂದು ಹಿಲೇರಿಯನ್ ತನ್ನ ಆಡನ್ನು ಅಲ್ಲೇ ಕಟ್ಟಿದ್ದ.

ಆ ಮರವನ್ನು ನೆಟ್ಟವಳು ಅವನ ತಾಯಿ, ಅವನ ಹೆಂಡತಿ ವರ್ನಿಸ್ ಸೊಸೆಯಾಗಿ ಬಂದ ವರ್ಷ. ಅದರ ಒಂದು ಕಾಯಿ ಸುಟ್ಟರೆ ಅರ್ಧ ಊರು ಉಂಡು, ಉಳಿದರ್ಧ ಊರು ವಾಸನೆಗೇ ತೇಗುತ್ತಿತ್ತು. ಹಿಂದಿನ ಗಾಳಿಯಲ್ಲಿ ಅಂಗಡಿಗಳು ಮುಚ್ಚಿ, ಸೇತುವೆ ಕೊಚ್ಚಿಹೋಗಿ, ಹಡಗು ಬಾರದೆ ಕೂತಾಗ ಆ ಮನೆಯ ಒಲೆ ಉರಿದದ್ದು ಆ ಮರದಿಂದ. ಹಾಗಾಗಿ ವರ್ನಿಸ್‌ಳದು ಒಂದೇ ಮಾತು.

"ದಾರಿ ಯಾವಾಗ ಬೇಕಾದ್ರೂ ಬಿಡಿಸ್ಕೊಳ್ಳಿ. ಮರ ಉಳೀಬೇಕು."

"ಒರಗಿದ್ಮೇಲೆ ಅದು ಮರ ಅಲ್ಲ ಕಣೆ, ಸೌದೆ," ಎಂದ ಹಿಲೇರಿಯನ್. "ಬುಡಕ್ಕೇ ಕೊಯ್ದು ಬಿಸಾಕ್ತೀನಿ. ಒಂದು ಮಷೀನು ತರ್ಬೇಕು ಅಷ್ಟೆ."

ಎಂಥ ಮಷೀನು ಎಂಬುದು ಅವನ ಮನಸ್ಸಿನಲ್ಲಿ ಆಗಲೇ ಗಟ್ಟಿಯಾಗಿತ್ತು. ಊರಿನ ಮರಕೊಯ್ಯುವ ಮಗ್ಲ್ವಾರ್‌ನ ಹತ್ತಿರ ಒಂದು ಚೈನ್ ಗರಗಸವಿತ್ತು. ಅದರ ಚೈನು ಸುತ್ತುವ ಪಟ್ಟಿ ಮೂರು ಗೇಣಿಗಿಂತ ಉದ್ದ. ಅದನ್ನು ಶುರುಮಾಡಿದರೆ ಮೂರು ಬೆಟ್ಟದಾಚೆ ಗಿಣಿಗಳು ಗಂಟುಮೂಟೆ ಕಟ್ಟುತ್ತಿದ್ದವು. ಕಾಡಿನ ಹೆಮ್ಮರಗಳನ್ನು ಹಲಗೆ ಮಾಡಿ ಮಾರುವವನ ಮಷೀನು ಅದು. ಹಿಲೇರಿಯನ್‌ಗೂ ಅಂಥದ್ದೇ ಬೇಕು, ಆದರೆ ಒಂದು ಬೆರಳಾದರೂ ಹೆಚ್ಚು ಉದ್ದದ್ದು.

ಆಸೆಯ ಬೇರು ಹಿತ್ತಲಿನಲ್ಲಿರಲಿಲ್ಲ, ಊರಿನ ಕುದ್‌ಮೆಯಲ್ಲಿತ್ತು. ಕುದ್‌ಮೆ ಎಂದರೆ ನಮ್ಮ ಮುಯ್ಯಾಳು ಕೆಲಸ: ಇಂದು ನಿನ್ನ ಮನೆಗೆ ಊರೆಲ್ಲ, ನಾಳೆ ನನ್ನ ಮನೆಗೆ ಊರೆಲ್ಲ. ಕೂಲಿ ಇಲ್ಲ, ಊಟ ಉಂಟು. ಆದರೆ ಅಲ್ಲಿ ಒಂದು ಒಳಲೆಕ್ಕವಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗರಗಸ ತಂದವನು ಮುಂದಿನ ಸಾಲಿನಲ್ಲಿ, ಮಚ್ಚು ತಂದವನು ಹಿಂದಿನ ಸಾಲಿನಲ್ಲಿ, ಬರಿಗೈಯವನು ಬ್ರಾಫ್ ಎಂಬ ಮೀನುಸಾರಿನ ಹಂಡೆಯ ಹತ್ತಿರ. ಹಿಲೇರಿಯನ್ ಮಚ್ಚು ತಂದರೂ ಜನ ಅವನನ್ನು ಹಂಡೆಯ ಹತ್ತಿರ ನೂಕುತ್ತಿದ್ದರು. ಯಾಕೆಂದರೆ ಅವನು ಸಾರಿಗೆ ಹಾಕುವ ಹಿಟ್ಟಿನ ಉಂಡೆ ತಿಂದರೆ ಸತ್ತವರು ಎದ್ದು ಇನ್ನೊಂದು ಬಟ್ಟಲು ಕೇಳುತ್ತಿದ್ದರು. ಹೊಗಳಿಕೆ ಹೊಗಳಿಕೆಯೇ. ಆದರೂ ಸೌಟು ಹಿಡಿದು ನಿಂತವನಿಗೆ ಮುಂದಿನ ಸಾಲಿನ ಸದ್ದು ಎದೆಗೆ ಕುಟ್ಟುತ್ತಿತ್ತು.

ಅಷ್ಟರಲ್ಲಿ ವರ್ನಿಸ್‌ಳ ತಂಗಿ ಇಗ್ನೇಷಿಯಾ ಬಂದಳು. ಅವಳು ಊರಿನ ವಿಪತ್ತು ಸಮಿತಿಯವಳು. ಹಿಂದಿನ ಗಾಳಿಯ ನಂತರ ರೋಸೋ ಪಟ್ಟಣದಲ್ಲಿ ಗರಗಸದ ತರಬೇತಿ ಮುಗಿಸಿಕೊಂಡು ಬಂದಿದ್ದಳು. ಅವಳ ನಾಲಿಗೆಗೆ ಮಾತ್ರ ಯಾವ ತರಬೇತಿಯೂ ಬೇಕಿರಲಿಲ್ಲ. ಗರಗಸಕ್ಕೆ ಆಗಾಗ ಅರ ಹಾಕಬೇಕು, ಆ ನಾಲಿಗೆಗೆ ಅದೂ ಬೇಡ.

"ಭಾವ, ಮಷೀನು ತರ್ತೀರಂತೆ. ಯಾವ ಕಾಡು ಗುತ್ತಿಗೆ ಹಿಡಿದ್ರಿ?"

ಹಿಲೇರಿಯನ್ ಎದೆ ಸೆಟೆಸಿ ಮಗ್ಲ್ವಾರ್‌ನ ಮಷೀನಿನ ಹೆಸರೆತ್ತಿದ. ಸಣ್ಣ ಗರಗಸ ಬೆಣ್ಣೆ ಹಚ್ಚುವ ಚಾಕು, ಗಂಡಸು ಹಿಡಿಯುವುದಲ್ಲ ಎಂದ. ಇಗ್ನೇಷಿಯಾ ನಗಲಿಲ್ಲ. ಅವನ ಕೈಹಿಡಿದು ಹಿತ್ತಲು ಸುತ್ತಿಸಿದಳು. ಕೊಯ್ಯಬೇಕಾದ ಒಂದೊಂದು ಕೊಂಬೆಗೂ ಅವನದೇ ಗೇಣು ಇಡಿಸಿದಳು. ಕಾಂಡವೊಂದನ್ನು ಬಿಟ್ಟು, ಇದ್ದದ್ದರಲ್ಲಿ ದಪ್ಪ ಕೊಂಬೆಯೂ ಒಂದು ಗೇಣು ದಾಟಲಿಲ್ಲ. ಆಮೇಲೆ ವರ್ಷದಲ್ಲಿ ಎಷ್ಟು ದಿನ ಕೊಯ್ಯುತ್ತೀರಿ ಎಂದು ಕೇಳಿದಳು. ಗಾಳಿ ಬಂದರೆ ನಾಲ್ಕಾರು ದಿನ, ಬಾರದಿದ್ದರೆ ಅದೂ ಇಲ್ಲ ಎಂದು ಅವನೇ ಒಪ್ಪಬೇಕಾಯಿತು.

"ಹಾಗಾದ್ರೆ ನಿಮಗೆ ಬೇಕಾದ್ದು ಒಂದೂವರೆ ಗೇಣಿನ ಪಟ್ಟಿ. ಹದಿನಾಲ್ಕು ಇಂಚು, ಬಹಳ ಅಂದ್ರೆ ಹದಿನಾರು. ಕೊಂಬೆಗಿಂತ ಸ್ವಲ್ಪ ಉದ್ದ ಇದ್ರೆ ಸಾಕು. ಉಳಿದದ್ದೆಲ್ಲ ಕೈಗೆ ಭಾರ, ಜಂಬಕ್ಕೆ ಹಗುರ."

"ಕಾಂಡ ಯಾರು ಕೊಯ್ತಾರೆ, ನಿಮ್ಮಪ್ಪನಾ?"

"ಅದು ಕೊಯ್ಯೋಕೆ ಮಗ್ಲ್ವಾರ್ ಇದ್ದಾನಲ್ಲ. ಒಂದು ಕಾಂಡಕ್ಕೋಸ್ಕರ ಯಾರಾದ್ರೂ ಮಷೀನು ಕೊಳ್ತಾರಾ? ಒಂದು ಮದುವೆಗೋಸ್ಕರ ಇಗರ್ಜಿ ಕಟ್ಟಿಸಿದ ಹಾಗೆ."

ಹಿಲೇರಿಯನ್ ಸೋಲುವವನಲ್ಲ. ಆಗ ಅವಳು ಮಗ್ಲ್ವಾರ್‌ನನ್ನೇ ಕರೆಸಿದಳು. ಅವನು ಬಂದ, ಮಷೀನನ್ನು ಶುರುಮಾಡದೆಯೇ ಇಟ್ಟ, ಮೇಲೆ ಕವಚವನ್ನೂ ಹಾಕಿದ. ಅದನ್ನು ಎರಡೂ ಕೈಯಲ್ಲಿ ಸೊಂಟದ ಎತ್ತರಕ್ಕೆ ಹಿಡಿದು ಒಂದು ಜಪಮಾಲೆಯ ಹತ್ತು 'ನಮೋ ಮರಿಯಾ' ಮುಗಿಯುವ ತನಕ ನಿಲ್ಲಬೇಕು ಎಂಬುದು ಇಗ್ನೇಷಿಯಾಳ ಷರತ್ತು. ಜಪ ಹೇಳುವವಳು ವರ್ನಿಸ್. ಅವಳೋ, ಭಕ್ತಿ ಬಂದರೆ ಒಂದು ಪದಕ್ಕೂ ಮುಂದಿನ ಪದಕ್ಕೂ ನಡುವೆ ಒಂದು ಬೇಸಗೆ ಕಳೆಯುವಷ್ಟು ಹೊತ್ತು ತೆಗೆದುಕೊಳ್ಳುವವಳು.

ಮೊದಲನೆಯದಕ್ಕೆ ಹಿಲೇರಿಯನ್ ನಕ್ಕ. ಅರ್ಧ ಜಪಕ್ಕೆ ಅವನ ಕೈ ನಡುಗಿದ ರಭಸಕ್ಕೆ ಪಕ್ಕದ ಮನೆಯ ಪಾತ್ರೆಗಳು ಗಲಗುಟ್ಟಿದವು. ಪಟ್ಟಿಯ ತುದಿ, ಅಂದರೆ ಗರಗಸದ ಮೂಗು, ತಾನಾಗಿ ಕೆಳಗಿಳಿದು ನೆಲ ಮುಟ್ಟಿತು.

ಮಗ್ಲ್ವಾರ್ ಮಷೀನನ್ನು ಎತ್ತಿಕೊಂಡ. ಆಮೇಲೆ ತನ್ನ ಕೆನ್ನೆಯ ಮೇಲಿನ ಹಳೆಯ ಗೀರನ್ನು ಬೆರಳಿಂದ ತೋರಿಸಿದ.

"ನೋಡು ಮಾರಾಯ. ಕೈ ದಣಿದಾಗ ಮೂಗು ಹೀಗೇ ಇಳಿಯೋದು. ಇಳಿದು ಎಲ್ಲೋ ಒಂದು ಕಡ್ಡಿಗೆ ತಾಗುತ್ತೆ, ತಾಗಿದ ಕೂಡಲೇ ಮಷೀನು ಮುಖಕ್ಕೇ ಒದೆಯುತ್ತೆ. ನಾನು ದಿನಾ ಹಿಡಿಯೋನು. ನನಗೇ ಹೀಗಾಯ್ತು. ನಿನ್ನ ಕೈಗೆ ದಣಿವಾಗದ್ದನ್ನ ತಗೋ. ಕಾಂಡ ನನಗೆ ಬಿಡು."

ಇಷ್ಟು ಹೇಳಿ ಅವನು ಮರದ ಸುತ್ತ ಒಂದು ಸುತ್ತು ಬಂದ. ಗುಂಡಿಯಲ್ಲಿದ್ದ ಆಡನ್ನು ನೋಡಿದ. ಹಗ್ಗ ಬಿಚ್ಚಿ ದೂರದ ಗೂಟಕ್ಕೆ ಕಟ್ಟಿದ. ಇದ್ಯಾಕೆ ಎಂದು ಹಿಲೇರಿಯನ್‌ಗೆ ಅರ್ಥವಾಗಲಿಲ್ಲ. ಕೇಳಲು ಅಭಿಮಾನ ಬಿಡಲಿಲ್ಲ.

ಮರುದಿನ ಭಾವ, ನಾದಿನಿ ರೋಸೋ ಪಟ್ಟಣದ ಅಂಗಡಿಗೆ ಹೋದರು. ಬಸ್ಸು ದಾರಿಯ ಗುಂಡಿಗಳಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಕಿಟಕಿಯಲ್ಲಿ ಎರೆಹುಳುಗಳು ನಮಸ್ಕಾರ ಮಾಡಿದವು. ಅಂಗಡಿಯಲ್ಲಿ ಗೋಡೆಯ ತುಂಬ ಗರಗಸಗಳು.

ಕರೆಂಟಿಗೆ ತಂತಿ ಚುಚ್ಚಿ ನಡೆಸುವುದೊಂದಿತ್ತು, ಹಗುರ, ಅಗ್ಗ. ಹಿಲೇರಿಯನ್ ಅದಕ್ಕೆ ಕೈಹಾಕಿದ. ಗಾಳಿಯ ಮಾರನೆಯ ದಿನ ಅದನ್ನು ಎಲ್ಲಿಗೆ ಚುಚ್ಚುತ್ತೀರಿ, ಆಡಿನ ಕೊಂಬಿಗಾ ಎಂದಳು ಇಗ್ನೇಷಿಯಾ. ಗಾಳಿಗೆ ಹೋದ ಕರೆಂಟು ಊರಿಗೆ ಇನ್ನೂ ಬಂದಿರಲಿಲ್ಲ. ಬ್ಯಾಟರಿಯದ್ದು ಚೆನ್ನಾಗಿತ್ತು, ಸದ್ದು ಕಡಿಮೆ, ಗುಂಡಿ ಒತ್ತಿದರೆ ಶುರು, ವರ್ಷವಿಡೀ ಸುಮ್ಮನೆ ಇಟ್ಟರೂ ರಗಳೆಯಿಲ್ಲ. ಚಾವಣಿಯ ಮೇಲೆ ಸೋಲಾರ್ ಇರುವವರಿಗೆ, ಗಾಳಿಯ ಮುನ್ಸೂಚನೆ ಬಂದ ದಿನವೇ ಎರಡು ಬ್ಯಾಟರಿ ತುಂಬಿಸಿಟ್ಟುಕೊಳ್ಳುವವರಿಗೆ ಅದೇ ಒಳ್ಳೆಯದೆಂದು ಅವಳು ವಿವರಿಸಿದಳು. ಹಿಲೇರಿಯನ್‌ಗೆ ಸೋಲಾರ್ ಇರಲಿ, ಗಾಳಿಯ ನಂತರ ಚಾವಣಿಯೇ ಅರ್ಧ ಉಳಿದಿತ್ತು.

ಮೂಲೆಯಲ್ಲಿ ಇನ್ನೊಂದು ಪೆಟ್ರೋಲ್ ಗರಗಸವಿತ್ತು. ಉದ್ದ ಪಟ್ಟಿ, ಬೆಂಕಿಯ ಬಣ್ಣ, ಮೈಮೇಲೆ ಹುಲಿಯ ಚಿತ್ರ, ಬೆಲೆ ನಂಬಲಾಗದಷ್ಟು ಕಡಿಮೆ. ಹಿಲೇರಿಯನ್‌ನ ಕಣ್ಣು ಅಲ್ಲೇ ಅಂಟಿತು. ಇದರ ಚೈನು ತುಂಡಾದರೆ ಬೇರೆ ಚೈನು ಸಿಗುತ್ತದೆಯೇ ಎಂದು ಇಗ್ನೇಷಿಯಾ ಕೇಳಿದಳು. ಅಂಗಡಿಯವನು ಸೀಲಿಂಗ್ ನೋಡಿದ. ಚೈನ್ ಬ್ರೇಕ್ ಎಲ್ಲಿ ಎಂದು ಕೇಳಿದಳು. ಅವನು ನೆಲ ನೋಡಿದ.

"ಭಾವ, ಅಗ್ಗ ಅಂದ್ರೆ ಇವತ್ತು ಕೊಡೋ ದುಡ್ಡು ಮಾತ್ರ ಅಲ್ಲ. ಈ ಹುಲಿಗೆ ಹಲ್ಲು ಹೋದ್ರೆ ಈ ದ್ವೀಪದಲ್ಲಿ ಹಲ್ಲು ಕಟ್ಟೋರಿಲ್ಲ."

ಕೊನೆಗೆ ಸಣ್ಣ ಪೆಟ್ರೋಲ್ ಗರಗಸ ತೆಗೆಸಿದಳು. ಹದಿನಾಲ್ಕು ಇಂಚಿನ ಪಟ್ಟಿ, ಹಿಂದಕ್ಕೆ ಒದೆಯುವುದು ಕಡಿಮೆಯಿರುವ ಚೈನು, ಮುಂಗೈ ತಾಗಿದರೆ ಚೈನು ನಿಲ್ಲಿಸುವ ಬ್ರೇಕು. ಬಿಡಿ ಚೈನೂ ಅದೇ ಅಂಗಡಿಯಲ್ಲಿ ನೇತಾಡುತ್ತಿತ್ತು. ಹಿಲೇರಿಯನ್ ಅಂಗಡಿಯ ನಡುವೆಯೇ ಅದನ್ನು ಹಿಡಿದು ನಿಂತು ತುಟಿಯಲ್ಲೇ ಜಪ ಮಾಡಿದ. ಹತ್ತೂ ಮುಗಿದವು, ಕೈ ನಡುಗಲಿಲ್ಲ. ದೊಡ್ಡ ಮಷೀನಿಗೆಂದು ತಂದಿದ್ದ ದುಡ್ಡಿನಲ್ಲಿ ಅರ್ಧ ಉಳಿಯಿತು. ಚೈನಿಗೆ ಹರಿಯದ ದಪ್ಪ ಪ್ಯಾಂಟು, ಕನ್ನಡಕದ ಹೆಲ್ಮೆಟ್ಟು, ಕಿವಿಮುಚ್ಚುಗೆ, ಒಳ್ಳೆ ಬೂಟು ಅದರಲ್ಲೇ ಬಂದವು. ಇವು ಇಲ್ಲದೆ ಮಷೀನು ಕೊಂಡರೆ ಅರ್ಧ ಮಷೀನು ಕೊಂಡ ಹಾಗೆ ಎಂಬುದು ಇಗ್ನೇಷಿಯಾಳ ಮಾತು.

ಶನಿವಾರ ಹಿಲೇರಿಯನ್‌ನ ಹಿತ್ತಲಿನಲ್ಲಿ ಕುದ್‌ಮೆ ಸೇರಿತು. ಅವನ ಸಣ್ಣ ಗರಗಸ ನೋಡಿ ಮುಂದಿನ ಸಾಲಿನವರು ಮೀಸೆಯಡಿ ನಕ್ಕರು. ಬ್ರೆಡ್ಡು ಎಲ್ಲಿ, ಚಾಕು ಬಂದಿದೆ ಎಂದ ಒಬ್ಬ. ಹಿಲೇರಿಯನ್‌ನ ಕಿವಿ ಕೆಂಪಾಗಿ ಹೊಗೆಯಾಡಿತು, ಆದರೆ ಕಿವಿಮುಚ್ಚುಗೆಯ ಒಳಗಿತ್ತಾದ್ದರಿಂದ ಯಾರಿಗೂ ಕಾಣಲಿಲ್ಲ. ಅವನು ಕೊಂಬೆಗಳನ್ನು ತುದಿಯಿಂದ ಶುರುಮಾಡಿ ಒಂದೊಂದಾಗಿ ಕೊಯ್ದ. ಬಾಗಿ ಬಿಗಿದಿದ್ದ ಕೊಂಬೆಯನ್ನು ಇಗ್ನೇಷಿಯಾ ಮೊದಲೇ ತೋರಿಸಿ, ಅದು ಚಿಮ್ಮುವ ಕಡೆ ನಿಲ್ಲಬೇಡಿ ಎಂದಳು. ಹೆಗಲಿನಿಂದ ಮೇಲೆ ಗರಗಸ ಎತ್ತಗೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದಾರಿ ತೆರೆಯಿತು, ಮರದ ತಲೆ ಹಗುರಾಯಿತು.

ಆಗ ಮಗ್ಲ್ವಾರ್ ದೊಡ್ಡ ಮಷೀನು ಎತ್ತಿಕೊಂಡ. ಎಲ್ಲರನ್ನೂ ದೂರ ಕಳಿಸಿದ. ಗುಂಡಿಯ ಹತ್ತಿರ ಯಾರೂ ಇಲ್ಲವೆಂದು ಎರಡು ಸಲ ನೋಡಿದ. ಬುಡವನ್ನು ಬಿಟ್ಟು, ಬೇರಿನಿಂದ ಆಳೆತ್ತರ ಮೇಲೆ ಕಾಂಡಕ್ಕೆ ಗರಗಸ ಇಟ್ಟ.

ಕಾಂಡ ತುಂಡಾದ ಗಳಿಗೆಯಲ್ಲಿ, ಮೇಲಿನ ಭಾರ ಕಳಚಿ, ಮಲಗಿದ್ದ ಬುಡ ಎದ್ದಿತು. ಮಣ್ಣಿನ ಗೋಡೆ ಗುಂಡಿಯ ಮೇಲೆ ಬಾಗಿಲು ಹಾಕಿದ ಹಾಗೆ ಧೊಪ್ಪನೆ ಮುಚ್ಚಿಕೊಂಡಿತು. ನೆಲ ಅದುರಿತು. ದೂರದ ಗೂಟದ ಹತ್ತಿರ ಆಡು ಕೆಮ್ಮಿತು.

ಇಲ್ಲಿ ನನಗೆ ಒಂದು ಅಕ್ಷರವನ್ನೂ ಉಬ್ಬಿಸಿ ಹೇಳುವ ಮನಸ್ಸಿಲ್ಲ. ಹಿಲೇರಿಯನ್ ಆ ಮಣ್ಣನ್ನೇ ನೋಡುತ್ತ ನಿಂತ. ದೊಡ್ಡ ಮಷೀನು ತಂದು, ನೆರಳಿದೆ ಎಂದು ಆ ಗುಂಡಿಯಲ್ಲೇ ನಿಂತು ಬುಡ ಕೊಯ್ಯುವುದು ಅವನ ಯೋಚನೆಯಾಗಿತ್ತು. ಗುಂಡಿಯಲ್ಲಿ ನಿಲ್ಲುವ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗ ವರ್ನಿಸ್‌ಗೆ ಹೇಳಿದ. ಅವಳು ಅವನ ತೋಳು ಹಿಡಿದುಕೊಂಡಳು.

"ಮರ?" ಎಂದು ಆಮೇಲೆ ಕೇಳಿದಳು.

"ಅರ್ಧ ಬೇರು ನೆಲದಲ್ಲೇ ಇದೆ ಅಕ್ಕ," ಎಂದಳು ಇಗ್ನೇಷಿಯಾ. "ಮಣ್ಣು ತುಳಿದು ಗಟ್ಟಿ ಮಾಡೋಣ. ಬುಡಕ್ಕೆ ಕೊಯ್ದಿದ್ರೆ ಇದೂ ಇರ್ತಿರ್ಲಿಲ್ಲ."

ಊರೆಲ್ಲ ಸೇರಿ ಮಣ್ಣು ತುಳಿಯಿತು. ಹಿಲೇರಿಯನ್ ಗರಗಸದಲ್ಲಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಬಸಿದು, ಮಷೀನನ್ನು ತಾನಾಗಿ ಆರುವ ತನಕ ಓಡಿಸಿ, ಒರೆಸಿಟ್ಟ. ಹಾಗೇ ಬಿಟ್ಟರೆ ಒಳಗಿನ ಪೆಟ್ರೋಲು ಕಾಕಂಬಿಯ ಹಾಗೆ ಅಂಟಾಗಿ, ಮುಂದಿನ ಗಾಳಿಗೆ ಮಷೀನು ಏಳುವುದಿಲ್ಲ. ಆಮೇಲೆ ಯಾರೂ ನೂಕದೆ ತಾನೇ ಹಂಡೆಯ ಹತ್ತಿರ ಹೋಗಿ ಉಂಡೆ ಹಾಕಿದ. ಚಾಕು ಎಂದು ನಕ್ಕಿದ್ದವನು ಎರಡನೆಯ ಬಟ್ಟಲಿಗೆ ಬಂದಾಗ, ಮುಂದಿನ ವಾರ ನಿನ್ನ ಗರಗಸ ನಮ್ಮ ಹಿತ್ತಲಿಗೂ ಬೇಕು ಎಂದು ಮೆಲ್ಲಗೆ ಕೇಳಿದ.

ಮಳೆ ಹಿಡಿದ ಮೇಲೆ ಆ ಮೋಟು ಬುಡದ ಮಗ್ಗುಲಿನಿಂದ ಚಿಗುರು ಬಂತು. ಮೊದಲ ಎಲೆ ಎಷ್ಟು ದೊಡ್ಡದಿತ್ತೆಂದರೆ ಅದರ ನೆರಳಿನಲ್ಲಿ ಊರಿನ ಸಭೆ ನಡೆಯಿತು. ಇದನ್ನು ನಂಬದವರು ನಂಬಬೇಡಿ. ಚಿಗುರು ಬಂದದ್ದನ್ನು ನಂಬಿ, ಅದು ದೇವರಾಣೆ ನಿಜ.

ಈಗ ನಿಮ್ಮ ಮಾತು. ಗಾಳಿ ಎಲ್ಲರ ಹಿತ್ತಲಿಗೂ ಬರುತ್ತದೆ, ವಿಳಾಸ ಕೇಳಿಕೊಂಡು ಬರುವುದಿಲ್ಲ. ಗರಗಸ ಕೊಳ್ಳುವ ಮುಂಚೆ ನೆರೆಯವನ ಮಷೀನು ನೋಡಬೇಡಿ, ನಿಮ್ಮ ಕೊಂಬೆಗೆ ಗೇಣು ಇಡಿ. ನೀವು ನಂಬುವ ದೇವರ ಹೆಸರನ್ನು ನಿಧಾನವಾಗಿ ಜಪಿಸುತ್ತ ಅದನ್ನು ಹಿಡಿದು ನಿಲ್ಲಿ. ಕೈ ನಡುಗಿದರೆ ಅದು ನಿಮ್ಮದಲ್ಲ. ಬ್ರೇಕು ಇದೆಯೇ, ಬಿಡಿ ಚೈನು ಸಿಗುತ್ತದೆಯೇ ಎಂದು ನಾಚದೆ ಕೇಳಿ. ಪ್ಯಾಂಟು, ಹೆಲ್ಮೆಟ್ಟು, ಬೂಟಿಗೆ ದುಡ್ಡು ತೆಗೆದಿಟ್ಟು, ಉಳಿದದ್ದರಲ್ಲಿ ಮಷೀನು ಕೊಳ್ಳಿ. ಒಬ್ಬರೇ ಕೊಯ್ಯಬೇಡಿ. ಕರೆಂಟು ತಂತಿ ತಾಗಿದ ಮರದ ಹತ್ತಿರವೂ ಸುಳಿಯಬೇಡಿ, ಅದಕ್ಕೆ ಕರೆಂಟಿನವರೇ ಬರಲಿ. ದೊಡ್ಡ ಕಾಂಡವನ್ನೂ ಎದ್ದ ಬೇರನ್ನೂ ಅದೇ ಕಸುಬಿನವರಿಗೆ ಬಿಡಿ.

ಮತ್ತೆ, ಇವತ್ತೇ ಎದ್ದು ಹೋಗಿ ನಿಮ್ಮ ಆಡು ಎಲ್ಲಿ ಕಟ್ಟಿದೆ ಎಂದು ಒಮ್ಮೆ ನೋಡಿ ಬನ್ನಿ.