ಹೆಪ್ಪುಗಟ್ಟಿದ ಶೀಶೆ

ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಲೋಲಾಕ್ಷಿಗೆ ಏರಿಸಬೇಕಿದ್ದ ಮದ್ದು ಶೀಶೆಯೊಳಗೆ ಕಲ್ಲಾಗಿತ್ತು.

2009ರ ಮಾರ್ಚ್, ಠಾಣೆ ನಗರದ ಒಂದು ಖಾಸಗಿ ಆಸ್ಪತ್ರೆ. ಐವತ್ತೆರಡರ ಲೋಲಾಕ್ಷಿಗೆ ರಕ್ತಕೋಶಗಳ ಕ್ಯಾನ್ಸರ್, ಲಿಂಫೋಮಾ. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಗಂಡ ದೇಜಪ್ಪ ಅದೇ ಊರಿನ ನೌಪಾಡಾದಲ್ಲಿ ಹೋಟೆಲು ನಡೆಸುವವರು. ಹಿಂದಿನ ಸಂಜೆ ಔಷಧದಂಗಡಿಯವನು ಶೀಶೆಗಳನ್ನು ಕೊಟ್ಟು ತಣ್ಣಗಿಡಲು ಹೇಳಿದ್ದ. ದೇಜಪ್ಪ ಅವನ್ನು ಹೋಟೆಲಿನ ಡೀಪ್ ಫ್ರೀಜರಿನಲ್ಲಿ, ಐಸ್‌ಕ್ರೀಂ ಡಬ್ಬಗಳ ಕೆಳಗೆ, ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದರು.

ಕಲಬುರಗಿ ಕಡೆಯ ನರ್ಸ್ ಉಮಾವತಿ ಶೀಶೆಯನ್ನು ಬೆಳಕಿಗೆ ಹಿಡಿದರು. "ಅಣ್ಣಾರ, ಇದು ಬರ್ಫ್ ಆಗ್ಯಾದ್ರಿ. ಇನ್ನ ನಡೆಯಂಗಿಲ್ಲ."

ಕರಗಿದ ಮೇಲೆ ಕೊಡಬಹುದಲ್ಲ ಎಂದರು ದೇಜಪ್ಪ.

"ಇವರ ಕೈಗೆ ಕೊಟ್ರೆ ಮದ್ದು ಸಹ ಐಸ್‌ಕ್ರೀಮೇ," ಎಂದ ಲೋಲಾಕ್ಷಿ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಡಾಕ್ಟರ್ ಜ್ಯೋತ್ಸ್ನಾ ಪಕ್ಕದಲ್ಲೇ ಕುಳಿತು ವಿವರಿಸಿದರು. ಈ ಮದ್ದು ಪ್ರೋಟೀನು. ಅದರ ಶಕ್ತಿಯೆಲ್ಲ ಅದರ ಆಕಾರದಲ್ಲಿದೆ. ಲೋಲಾಕ್ಷಿಯ ಕ್ಯಾನ್ಸರ್ ಹುಟ್ಟಿದ್ದು ಬಿ ಕೋಶಗಳೆಂಬ ಬಿಳಿ ರಕ್ತಕೋಶಗಳಲ್ಲಿ, ಅವುಗಳ ಮೈಮೇಲೆ ಒಂದು ಗುರುತಿರುತ್ತದೆ. ಕೋಟಿಗಟ್ಟಲೆ ಕೋಶಗಳ ನಡುವೆ ಮದ್ದು ಆ ಗುರುತನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ದೇಹದ ಕಾವಲುಪಡೆ ಬಂದು ಅಂಥ ಕೋಶವನ್ನು ಕೊಲ್ಲುತ್ತದೆ. ಒಳ್ಳೆಯ ಬಿ ಕೋಶಗಳೂ ಸಾಯುತ್ತವೆ. ಆದರೆ ಮೂಳೆಮಜ್ಜೆಯ ತಾಯಿಕೋಶಗಳಿಗೆ ಆ ಗುರುತಿಲ್ಲ, ತಿಂಗಳುಗಳ ಬಳಿಕ ಅವುಗಳಿಂದ ಹೊಸವು ಹುಟ್ಟುತ್ತವೆ. ಹೆಪ್ಪುಗಟ್ಟಿದ ಮದ್ದಿನ ಆಕಾರ ಕೆಟ್ಟಿರಬಹುದು, ಅದನ್ನು ನಂಬುವಂತಿಲ್ಲ.

"ಮೊಸರಿನ ಹಾಗೆ," ಎಂದರು ದೇಜಪ್ಪ ಮೆಲ್ಲಗೆ. "ಫ್ರೀಜರಿಗೆ ಹೋದ್ರೆ ಒಡೀತದೆ. ಮತ್ತೆ ಕೂಡುದಿಲ್ಲ."

ಬೇಲಾಪುರದ ವಿತರಕರಲ್ಲಿ ಹೊಸ ಶೀಶೆಗಳಿದ್ದವು. ಅವು ಬರುವವರೆಗೆ ದೇಜಪ್ಪ ಪಕ್ಕದ ಹಾಸಿಗೆಯ ಚಂದವ್ವನ ಡ್ರಿಪ್ ನೋಡುತ್ತ ಕುಳಿತರು. ಚಂದವ್ವನಿಗೆ ಕ್ಯಾನ್ಸರ್ ಇರಲಿಲ್ಲ. ದೇಹವೇ ತನ್ನ ಬೆರಳ ಕೀಲುಗಳನ್ನು ತಿನ್ನುವ ಸಂಧಿವಾತ. ಅಲ್ಲೂ ಕೇಡಿನಲ್ಲಿ ಬಿ ಕೋಶಗಳ ಕೈವಾಡವಿತ್ತು, ಹಾಗಾಗಿ ಅದೇ ಮದ್ದು. ನೀರಿನಷ್ಟು ತಿಳಿ. ಅಷ್ಟು ತಿಳಿಯಾದ ಹನಿಗೆ ಹುಡುಕಲು ಬರುತ್ತದೆಂಬುದನ್ನು ದೇಜಪ್ಪನವರಿಗೆ ನಂಬಲಾಗಲಿಲ್ಲ, ನಂಬದಿರಲೂ ಆಗಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಹೊಸ ಶೀಶೆಗಳ ತಂಪುಪೆಟ್ಟಿಗೆ ಬಂತು. ಒಂದೂ ಮುಕ್ಕಾಲಿಗೆ ಡ್ರಿಪ್ ಶುರು. ನಲವತ್ತು ನಿಮಿಷಕ್ಕೆ ಲೋಲಾಕ್ಷಿ ಗಡಗಡ ನಡುಗಿದರು. ಮೊದಲ ಸಲ ಹೀಗಾಗುವುದುಂಟು ಎಂದು ಉಮಾವತಿ ಡ್ರಿಪ್ ನಿಲ್ಲಿಸಿದರು. ನಡುಕ ನಿಂತ ಮೇಲೆ ಅರ್ಧ ವೇಗದಲ್ಲಿ ಮತ್ತೆ ಬಿಟ್ಟರು. ಕೊನೆಯ ಹನಿ ಇಳಿದಾಗ ಸಂಜೆ ಏಳೂವರೆ.

ಕೀಮೊಥೆರಪಿಯ ಜೊತೆಗೆ ಇಂಥವೇ ಆರು ಸರದಿಗಳಾದವು. ಆಗಸ್ಟಿನ ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ.