ಒಳಮಡಿಕೆ ಇಲ್ಲದ ಹೆಲ್ಮೆಟ್

ಮಗಳಿಗೆ ಏನು ಹೊಲಿದರೂ ನಾಲ್ಕು ಬೆರಳು ಒಳಮಡಿಕೆ ಬಿಡುವುದು ಆ ದರ್ಜಿ ತಾಯಿಯ ಕೈಗಂಟಿದ ಅಭ್ಯಾಸ. ಮಕ್ಕಳು ಕಣ್ಣೆದುರೇ ಬೆಳೆಯುತ್ತಾರೆ. ಮಡಿಕೆ ಬಿಚ್ಚಿದರೆ ಹಳೆಯ ಫ್ರಾಕಿಗೆ ಇನ್ನೊಂದು ವರ್ಷ ಆಯಸ್ಸು. ಕೊಂಡು ತರುವ ವಸ್ತುವಿಗೂ ಅದೇ ನ್ಯಾಯ. ಷೂ ಒಂದು ಅಳತೆ ದೊಡ್ಡದು, ತುದಿಯಲ್ಲಿ ಹತ್ತಿ. ಕೋಟಿನ ತೋಳು ಎರಡು ಸುತ್ತು ಮೇಲಕ್ಕೆ.

ಹೀಗಾಗಿ ಹೆಲ್ಮೆಟ್ ಅಂಗಡಿಗೆ ಹೊರಟಾಗಲೂ ಅವಳ ಮನಸ್ಸಿನಲ್ಲಿ ದೊಡ್ಡ ಅಳತೆಯೇ ಕೂತಿತ್ತು.

ಹೊರಟಿದ್ದಕ್ಕೆ ಕಾರಣ ಮಗಳ ಕನ್ನಡಕ. ಹಿಮದ ಇಳಿಜಾರಿನಲ್ಲಿ ಮಕ್ಕಳಿಗೆ ಸ್ಕೀ ಜಾರಾಟ ಕಲಿಸುವವಳು ಅವಳ ಸೋದರತ್ತೆಯೇ. ಆದರೆ ಕನ್ನಡಕದ ಮೇಲೆ ಹಿಮ ತಡೆಯುವ ಗಾಗಲ್ ಹಾಕಿದರೆ ಮೂಗು ಒತ್ತುತ್ತದೆ, ಉಸಿರು ತಾಗಿ ಗಾಜೆಲ್ಲ ಮಬ್ಬು. ಕನ್ನಡಕ ತೆಗೆದರೆ ಎದುರಿಗಿರುವುದು ಮರವೋ ಮನುಷ್ಯನೋ ತಿಳಿಯದು. ಹೋದ ಭಾನುವಾರ ಅರ್ಧ ದಾರಿಯಲ್ಲೇ ಕುಸಿದು ಕೂತವಳನ್ನು ಅತ್ತೆ ಎತ್ತಿಕೊಂಡು ಬಂದಳು. ಜೊತೆಯ ಮಕ್ಕಳು ನಕ್ಕರು. "ನಾನಿನ್ನು ಬರಲ್ಲ" ಎಂದು ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಹಿಮ ಬಿದ್ದರೆ ತಟ್ಟೆ ಬಿಟ್ಟು ಓಡುತ್ತಿದ್ದ ಹುಡುಗಿ ಕಿಟಕಿಯ ಪರದೆ ಎಳೆದುಕೊಂಡು ಕೂತದ್ದನ್ನು ಕಂಡು ತಾಯಿ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಇದೊಂದು ನೋಡಿಬಿಡೋಣ ಅತ್ತಿಗೆ," ಎಂದಳು ಸ್ಕೀ ಕಲಿಸುವ ಆ ನಾದಿನಿ. "ಮುಖದ ಗಾಜು ಸೇರಿಸೇ ಮಾಡಿರೋ ಹೆಲ್ಮೆಟ್ ಸಿಗುತ್ತೆ. ಒಳಗೆ ಕನ್ನಡಕಕ್ಕೂ ಜಾಗ ಇರುತ್ತೆ."

ಅಂಗಡಿಯಲ್ಲಿ ತಾಯಿ ಅತ್ತಿತ್ತ ನೋಡದೆ ದೊಡ್ಡದನ್ನೇ ಎತ್ತಿ ಮಗಳ ತಲೆಗೆ ಇಟ್ಟಳು. ಗಾಜು ಜಾರಿ ಗಲ್ಲದವರೆಗೆ ಬಂತು.

"ಅತ್ತಿಗೆ, ಹುಡುಗಿ ಎಲ್ಲಿ? ಬರೀ ಹೆಲ್ಮೆಟ್ ನಿಂತಿದೆಯಲ್ಲ!"

"ಬೆಳೆಯೋ ಮಗು ಕಣೇ. ಒಳಗೊಂದು ದಪ್ಪ ಟೋಪಿ ಹಾಕಿದ್ರೆ ಕೂತ್ಕೊಳ್ಳುತ್ತೆ."

"ಎಲ್ಲಿ, ತಲೆ ತಿರುಗಿಸು ಪುಟ್ಟಾ."

ತಲೆ ತಿರುಗಿತು, ಹೆಲ್ಮೆಟ್ ಇದ್ದಲ್ಲೇ ಇತ್ತು. ಅಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ತಾಯಿಗೂ ನಗು ತಡೆಯಲಾಗಲಿಲ್ಲ. ಆಗ ಒಳಗಿನಿಂದ ಸಣ್ಣ ದನಿಯೊಂದು ಬಂತು.

"ಅಮ್ಮಾ, ನೀನು ಯಾವಾಗ್ಲೂ ಮುಂದಿನ ವರ್ಷದ ನನಗೇ ತಗೊಳ್ತೀಯಾ. ಇದೊಂದಾದ್ರೂ ಈಗಿನ ನನಗೆ ತಗೋ."

ಆ ಮಗು ಇಷ್ಟು ದಿನ ಒಂದು ಸಲವೂ ಬೇಡವೆಂದಿರಲಿಲ್ಲ. ಹತ್ತಿ ತುಂಬಿದ ಷೂನಲ್ಲೇ ಶಾಲೆಗೆ ನಡೆದಿತ್ತು. ತಾಯಿ ಮೆಲ್ಲಗೆ ಹೆಲ್ಮೆಟ್ ತೆಗೆದು, ಕೆದರಿದ ಕೂದಲು ಸವರಿದಳು.

"ಹೇಳಿದ್ದು ಒಳ್ಳೇದಾಯ್ತು ಕಂದಾ. ಬಾ, ಈಗಿನ ನಿನ್ನನ್ನೇ ಅಳೆಯೋಣ."

ಕತ್ತಿನಲ್ಲಿ ಸದಾ ನೇತಾಡುವ ಟೇಪನ್ನು ಹುಬ್ಬಿನ ಮೇಲಿಂದ ಸುತ್ತಿದಳು. ಒಂದು ಎಳೆಯಷ್ಟೂ ಹೆಚ್ಚು ಬಿಡಲಿಲ್ಲ. ಅಂಗಡಿಯವಳು ತಂದುಕೊಟ್ಟ ಚಿಕ್ಕ ಹೆಲ್ಮೆಟ್ ತಲೆಯನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿಯಿತು. ಅಲ್ಲಾಡಿಸಿದರೆ ಹಣೆಯ ಚರ್ಮವೇ ಜೊತೆಗೆ ಅಲ್ಲಾಡಿತು. ಗಾಜು ಇಳಿಸಿದರೆ ಅಂಚಿನ ಮೆತ್ತೆ ಕೆನ್ನೆಗೆ ತಾಗಿ ನಿಂತಿತು, ಕನ್ನಡಕವನ್ನು ಮುಟ್ಟಲಿಲ್ಲ.

"ಜೋರಾಗಿ ಉಸಿರು ಬಿಡು," ಎಂದಳು ಅತ್ತೆ.

ಮಗಳು ಬಿಟ್ಟಳು. ಗಾಜಿನ ಕೆಳಭಾಗದಲ್ಲೊಂದು ಮಬ್ಬು ಮೂಡಿ, ಹಾಗೇ ಕರಗಿತು.

"ಎದುರಿನ ಅಂಗಡಿ ಬೋರ್ಡು ಓದು ನೋಡೋಣ."

"ಬೋರ್ಡು ಇರ್ಲಿ ಅತ್ತೆ, ಅದರ ಮೇಲೆ ಒಂದು ಪಾರಿವಾಳ ನಿದ್ದೆ ಮಾಡ್ತಿದೆ!"

ಮುಂದಿನ ಭಾನುವಾರ ತಾಯಿ ಇಳಿಜಾರಿನ ಬುಡದಲ್ಲಿ ನಿಂತಿದ್ದಳು. ಮೇಲಿನಿಂದ ಒಂದು ಪುಟ್ಟ ಆಕೃತಿ ಇಳಿಯತೊಡಗಿತು. ನಡುವೆ ಬಿತ್ತು. ತಾಯಿ ಒಂದು ಹೆಜ್ಜೆ ಮುಂದಿಟ್ಟಳು. ಯಾರ ಕೈಯನ್ನೂ ಕಾಯದೆ ಅದು ಎದ್ದಿತು, ಮೈ ಕೊಡವಿಕೊಂಡು ಮತ್ತೆ ಹೊರಟಿತು.

ಪಕ್ಕದಲ್ಲಿದ್ದ ನಾದಿನಿಯ ಕೈಯನ್ನು ತಾಯಿ ಗಟ್ಟಿಯಾಗಿ ಹಿಡಿದಳು. "ಯಾವ ಜನ್ಮದಲ್ಲಿ ತೀರಿಸ್ಲೇ ಈ ಋಣಾನ?"

"ಜನ್ಮ ಎಲ್ಲಾ ಯಾಕೆ ಅತ್ತಿಗೆ? ನನ್ನ ಜಾಕೆಟ್ಟಿನ ಝಿಪ್ಪು ಕಿತ್ತುಹೋಗಿ ತಿಂಗಳಾಯ್ತು, ಅದನ್ನ ಹಾಕ್ಕೊಡಿ."

ನಗುವಿನ ಜೊತೆಗೇ ತಾಯಿಯ ಕಣ್ಣು ತುಂಬಿತು. ಅಷ್ಟರಲ್ಲಿ ಮಗಳು ಎದುರಿಗೆ ಬಂದು ನಿಂತು ಗಾಜು ಮೇಲೆತ್ತಿದಳು. ಕೆನ್ನೆಯೆಲ್ಲ ಕೆಂಪು.

"ಅಮ್ಮಾ, ಅಷ್ಟು ಮೇಲಿಂದಾನೇ ನೀನು ಕಾಣ್ತಿದ್ದೆ! ನಿನ್ನ ಮುಖಾನೇ ಕಾಣ್ತಿತ್ತು!"

ಉತ್ತರಕ್ಕೂ ಕಾಯದೆ, ಮತ್ತೆ ಇಳಿಜಾರು ಹತ್ತಲು ಮಕ್ಕಳ ಸಾಲಿನ ಕಡೆಗೆ ತಿರುಗಿದಳು.