ಬಿಸಿ ತಾಗದ ಮೂಲೆ

ಪ್ರಯೋಗಶಾಲೆಯಲ್ಲಿ ಕಾಣೆಯಾದ ಅನಿಲದ ಲೆಕ್ಕದ ತಪ್ಪು ದೇವೇಂದ್ರನದೇ ಎಂದು ಕೃತಿಕಾ ಸಂಜೆಯೊಳಗೆ ಮೇಲಧಿಕಾರಿಗೆ ಒಂದು ಸಾಲು ಬರೆದು ಕಳಿಸಬೇಕಿತ್ತು. ಬರೆದರೆ ಸಂಸೆ ಊರಿನ ಕಡೆಯ ಆ ಗುತ್ತಿಗೆ ನೌಕರನ ಕೆಲಸ ಹೋದಂತೆಯೇ. ಬರೆಯದಿದ್ದರೆ, ಮತ್ತೆ ತಪ್ಪು ಯಾರದು? ರಜೆಗೆಂದು ಜಾವಳಿಯ ತಮ್ಮ ಕಾಫಿ ತೋಟಕ್ಕೆ ಬಂದು ನಾಲ್ಕು ದಿನವಾದರೂ ಅವಳ ತಲೆ ಕಲಸುಮೇಲೋಗರವಾಗಿಯೇ ಇತ್ತು.

ಅವರಿಬ್ಬರೂ ಕೆಲಸ ಮಾಡುವ ಪ್ರಯೋಗಶಾಲೆ, ಸೂರ್ಯನೊಳಗಿನಂಥ ಬೆಂಕಿಯನ್ನು ಉಕ್ಕಿನ ಕೊಠಡಿಯಲ್ಲಿ ಹಿಡಿದಿಡಲು ಹೆಣಗುವಂಥದು. ಇಂಧನ ಹೈಡ್ರೋಜನ್ ಜಾತಿಯ ಅನಿಲ. ಬೆಂಕಿ ಗೋಡೆಗೆ ಹೊದಿಸಿದ ಇಂಗಾಲದ ಹಲಗೆಗಳನ್ನು ಸವೆಸುತ್ತದೆ, ಗೋಡೆ ಒಂದಿಷ್ಟು ಇಂಧನವನ್ನು ನುಂಗುತ್ತದೆ. ಎಷ್ಟು ನುಂಗಿತೆಂದು ಅಳೆಯುವುದು ಕೃತಿಕಾಳ ಕೆಲಸ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ದೇವೇಂದ್ರ ಬರೆದಿಟ್ಟಿದ್ದ. ನಡುವೆ ಕಾಣೆಯಾದದ್ದು ಗೋಡೆಯಲ್ಲಿರಬೇಕು. ಅತಿ ಹೆಚ್ಚು ಸವೆದ ಹಲಗೆಗಳನ್ನೇ ಆರಿಸಿ ಅವಳು ಹತ್ತು ಸಲ ಪರೀಕ್ಷಿಸಿದ್ದಳು. ಅಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ‘ಸರಿಯಾಗಿ ಬರೆದಿದ್ದೀರಾ?’ ಎಂದು ದೇವೇಂದ್ರನನ್ನು ಕೇಳಿ ಕೇಳಿ ಅವಳಿಗೇ ಬೇಸರ ಬಂದಿತ್ತು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ತೋಟದ ಹಳೆಯ ಆಳು ಶಿವಯ್ಯ, ಕಾಫಿ ಬೀಜದ ಲೋಳೆ ಬಿಡಿಸಲು ನೆನೆಹಾಕುವ ತೊಟ್ಟಿಯನ್ನು ಈ ಸಲದ ಕೊಯ್ಲಿಗೆ ತೊಳೆಯುತ್ತಿದ್ದ. ವರ್ಷಗಟ್ಟಲೆ ಲೋಳೆಯ ಹುಳಿ ತಿಂದು ಸಿಮೆಂಟ್ ಗೋಡೆಯ ಜಲ್ಲಿ ಎದ್ದು ಕಾಣುತ್ತಿತ್ತು. ಅವನು ಅದರ ತಂಟೆಗೇ ಹೋಗದೆ, ತೂಬಿನ ಹಿಂದಿನ ಮೂಲೆಗೆ ಕೈ ತೂರಿಸಿ ಕೆರೆಯುತ್ತಿದ್ದ.

‘ಅಷ್ಟು ಸವೆದಿರೋ ಗೋಡೆ ಬಿಟ್ಟು ಅಲ್ಲೇನು ಕೆರೀತಿದ್ದೀರಿ ಶಿವಯ್ಯ?’

‘ಸವೆದ ಗೋಡೇಲಿ ಏನಿರ್ತದೆ ಕೃತಿಕಮ್ಮ? ಅಲ್ಲಿ ಎದ್ದ ಪುಡಿ ನೀರಲ್ಲಿ ಬಂದು ಈ ಮೂಲೇಲಿ ಕೂರ್ತದೆ. ಬರೋವಾಗ ಲೋಳೇನೂ ಹಿಡ್ಕಂಡು ಬರ್ತದೆ. ಬಿಟ್ರೆ ಹೊಸ ಬೀಜಕ್ಕೆಲ್ಲ ವಾಸನೆ.’

ಮೂಲೆಯಿಂದ ಕೆರೆದು ಅವನು ಕೊಟ್ಟ ಬೂದು ಚಕ್ಕೆಯಲ್ಲಿ ಹೋದ ವರ್ಷದ ಹಣ್ಣಿನ ನಾತ ಇನ್ನೂ ಇತ್ತು.

ಕೃತಿಕಾ ಅದನ್ನು ಹಿಡಿದು ನಿಂತೇ ಇದ್ದಳು. ಪ್ರಯೋಗಶಾಲೆಯಲ್ಲೂ ಸವೆದ ಹಲಗೆಗಳ ಪುಡಿ ಇಂಧನವನ್ನೂ ಕಟ್ಟಿಕೊಂಡು, ಬೆಂಕಿಯ ಬಿಸಿ ತಾಗದ ಸಂದಿಗಳಲ್ಲಿ ಹೋಗಿ ಕೂತಿದ್ದರೆ? ಇದು ಅವಳು ಓದಿದ್ದೇ, ಪರೀಕ್ಷೆಗೂ ಬರೆದದ್ದೇ. ಹಲಗೆ ಆರಿಸುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಅಥವಾ ಇದೂ ಬರೀ ಭ್ರಮೆಯೋ? ತಿಳಿಯಲಿಲ್ಲ. ಆ ಸಂದಿಗಳತ್ತ ತಾನು ನೋಡಿಯೇ ಇಲ್ಲ ಎನ್ನುವುದೊಂದು ಮಾತ್ರ ಖಾತ್ರಿಯಿತ್ತು.

ಸಿಗ್ನಲ್ ಸಿಗುವ ಕಣದ ತುದಿಗೆ ಓಡಿ ಫೋನ್ ಮಾಡಿದಳು.

‘ದೇವೇಂದ್ರ, ನೀವು ಬರೆದದ್ದು ಸರಿಯಿರಬಹುದು. ನಾನೇ ತಪ್ಪು ಜಾಗದಲ್ಲಿ ಹುಡುಕಿದೆ.’



‘ತಪ್ಪು ನಂದೇ ಅಂತ ಬೆಳಿಗ್ಗೆನೇ ಬರೆದುಕೊಟ್ಟುಬಿಟ್ಟೆ ಮೇಡಂ,’ ಅಂದ ದೇವೇಂದ್ರ. ‘ನೀವು ಅಷ್ಟು ಸಲ ಕೇಳಿದ್ರಲ್ಲ, ನಂಗೂ ಹಾಗೇ ಅನ್ನಿಸೋಕೆ ಶುರುವಾಯ್ತು.’